ವೊಡೆನ್‌ವರೆಗೆ ಎಳೆದ ಗೆರೆ: ಆಂಗ್ಲೋ-ಸ್ಯಾಕ್ಸನ್ ಅರಸರ ವಂಶಾವಳಿಯ ಗೋಜಲು

ಬ್ರಿಟನ್ನಿನ ಇಂದಿನ ರಾಜಮನೆತನದ ವಂಶವೃಕ್ಷವನ್ನು ಹಿಂದಕ್ಕೆ ಹಿಂದಕ್ಕೆ ಹಿಡಿದು ಹೋದರೆ ಆಲ್ಫ್ರೆಡ್ ದೊರೆ (849-899) ಸಿಗುತ್ತಾನೆ. ಅವನಾಚೆ ಅವನ ಮನೆತನದ ಮೂಲಪುರುಷನೆನಿಸಿದ ಆರನೆಯ ಶತಮಾನದ ಕೆರ್ಡಿಕ್, ಕೆರ್ಡಿಕ್‌ನಾಚೆ ವೊಡೆನ್ ದೇವರು, ಇನ್ನೂ ಆಚೆ ಬೈಬಲ್ಲಿನ ನೋಹ, ಆದಾಮ. ಅಂತರ್ಜಾಲದಲ್ಲಿ ಹರಿದಾಡುವ ಎಷ್ಟೋ ವಂಶವೃಕ್ಷಗಳಲ್ಲಿ ಇದೆಲ್ಲ ಒಂದೇ ದಪ್ಪದ ಗೆರೆ. ಆದರೆ ಅದರ ಕೆಳಭಾಗಕ್ಕೆ ಉಯಿಲು, ದಾನಪತ್ರಗಳ ಆಧಾರವಿದೆ. ಮೇಲ್ಭಾಗ ಅರಮನೆಯ ಅಗತ್ಯಕ್ಕೆಂದು ಕಟ್ಟಿದ್ದು.

ಐದನೆಯ ಶತಮಾನದಲ್ಲಿ ಸಮುದ್ರ ದಾಟಿ ಬ್ರಿಟನ್ನಿಗೆ ಬಂದ ಆಂಗ್ಲೋ-ಸ್ಯಾಕ್ಸನ್ ಜನರ ಬಳಿ ಪುಸ್ತಕಗಳಿರಲಿಲ್ಲ. 597ರಲ್ಲಿ ಕ್ರೈಸ್ತ ಮಿಷನ್ ಕೆಂಟ್‌ಗೆ ಬಂದ ಮೇಲೆ ಬರವಣಿಗೆ ಬೇರೂರಿತು. 731ರಲ್ಲಿ ತನ್ನ ಚರಿತ್ರೆ ಮುಗಿಸಿದ ಸನ್ಯಾಸಿ ಬೀಡ್, ಅನೇಕ ಪ್ರಾಂತಗಳ ರಾಜಕುಲಗಳು ವೊಡೆನ್‌ನಿಂದ ಬಂದವೆಂದು ಬರೆದ. ಎಸೆಕ್ಸ್‌ನವರು ಮಾತ್ರ ಸ್ಯಾಕ್ಸ್‌ನೆಟ್ ಎಂಬ ಬೇರೆ ದೇವರನ್ನು ಮೂಲಪುರುಷನೆಂದು ಹೇಳಿಕೊಂಡರು.

ಆಲ್ಫ್ರೆಡ್ ಆಳಿದ ದಕ್ಷಿಣದ ರಾಜ್ಯ ವೆಸೆಕ್ಸ್‌ನ ಕತೆಯಲ್ಲಿ ಈ ಕಟ್ಟೋಣ ಕಣ್ಣಿಗೆ ಕಾಣುವಷ್ಟು ಸ್ಪಷ್ಟ. 802ರಲ್ಲಿ ಪಟ್ಟಕ್ಕೆ ಬಂದ ಎಗ್ಬರ್ಟ್‌ನ ಹಕ್ಕು ತೀರಾ ತೆಳುವಾಗಿತ್ತು. ಅವನ ಮುತ್ತಜ್ಜನ ತಂದೆ ಇಂಗಿಲ್ಡ್, 688ರಿಂದ 726ರವರೆಗೆ ಆಳಿದ ಐನೆ ದೊರೆಯ ತಮ್ಮನಂತೆ. ನಡುವಿನವರಲ್ಲಿ ಯಾರೂ ವೆಸೆಕ್ಸ್ ಆಳಿದವರಲ್ಲ. ಎಗ್ಬರ್ಟ್‌ನ ತಂದೆ ಎಲ್ಹ್‌ಮುಂಡ್ ಅರಸನಾಗಿದ್ದದ್ದು ಕೆಂಟ್‌ನಲ್ಲಿ. ಇಂಥ ಮನೆತನಕ್ಕೆ ಉದ್ದನೆಯ ವಂಶಾವಳಿ ಅನಿವಾರ್ಯ. ಆಲ್ಫ್ರೆಡ್‌ನ ಕಾಲದಲ್ಲಿ ರೂಪುಗೊಂಡ ಆಂಗ್ಲೋ-ಸ್ಯಾಕ್ಸನ್ ಕ್ರಾನಿಕಲ್ ಎಂಬ ವರ್ಷವಾರು ಚರಿತ್ರೆ 855ರ ದಾಖಲೆಯಲ್ಲಿ, ಎಗ್ಬರ್ಟ್‌ನ ಮಗನೂ ಆಲ್ಫ್ರೆಡ್‌ನ ತಂದೆಯೂ ಆದ ಎಥೆಲ್‌ವುಲ್ಫ್‌ನ ಹೆಸರಿನ ಕೆಳಗೆ, ಅದನ್ನು ಪೂರ್ತಿಯಾಗಿ ಕೊಟ್ಟಿತು.

ಆ ಪಟ್ಟಿಯಲ್ಲಿ ಕೆರ್ಡಿಕ್‌ನ ಮೇಲೆ ಬರುವ ಹೆಸರುಗಳು ಇವು: ಎಲೆಸ, ಎಸ್ಲ, ಗೆವಿಸ್, ವಿಗ್, ಫ್ರೆಯವಿನೆ, ಫ್ರೆಯೊಥೊಗರ್, ಬ್ರೊಂಡ್, ಬೆಲ್ಡೆಗ್, ವೊಡೆನ್. ಇದಕ್ಕಿಂತ ಹಳೆಯ ರೂಪವೊಂದರಲ್ಲಿ ಇರುವುದು ಅಲುಕ, ಗಿವಿಸ್, ಬ್ರಾಂಡ್, ಬೆಲ್ಡೆಗ್, ವೊಡೆನ್ ಅಷ್ಟೇ. ಉತ್ತರದ ಬರ್ನಿಸಿಯಾ ಅರಸರ ಪಟ್ಟಿಯ ತುದಿಯಲ್ಲೂ ಅಲೊಕ್, ಬೆನೊಕ್, ಬ್ರಾಂಡ್, ಬೆಲ್ಡೆಗ್, ವೊಡೆನ್ ಇದ್ದಾರೆ. 1953ರಲ್ಲಿ ವಿದ್ವಾಂಸ ಕೆನೆತ್ ಸಿಸಮ್ ಈ ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ, ವೆಸೆಕ್ಸ್‌ನವರು ಬರ್ನಿಸಿಯಾದ ತುದಿಯನ್ನೇ ಎರವಲು ತಂದು ಕೆರ್ಡಿಕ್‌ಗೆ ಜೋಡಿಸಿದ್ದು ಹೊರಬಿತ್ತು. ಗೆವಿಸ್ ಎಂಬಾತ ವೆಸೆಕ್ಸ್ ಜನರ ಹಳೆಯ ಕುಲನಾಮ ‘ಗೆವಿಸ್ಸೆ’ಯಿಂದಲೇ ಹುಟ್ಟಿಸಿದ ಪೂರ್ವಜ. ಎಲೆಸ, ಎಸ್ಲ ಪ್ರಾಸಕ್ಕೆ ಸೇರಿದಂತಿವೆ. ವಿಗ್, ಫ್ರೆಯವಿನೆ ಹಳೆಯ ವೀರಕಥೆಯ ಹೆಸರುಗಳು. ಕೆರ್ಡಿಕ್‌ನ ಕೆಳಗೂ ನೆಲ ಗಟ್ಟಿಯಿಲ್ಲ. ಅವನ ನಂತರದ ದೊರೆ ಕಿನ್ರಿಕ್ ಒಂದು ಕಡೆ ಅವನ ಮಗ, ಇನ್ನೊಂದು ಕಡೆ ಕ್ರಿಯೊಡನ ಮೂಲಕ ಮೊಮ್ಮಗ. ಕೆರ್ಡಿಕ್ ಎಂಬ ಹೆಸರೇ ಸ್ಯಾಕ್ಸನ್ ಅಲ್ಲ, ಸ್ಥಳೀಯ ಬ್ರಿಟನ್ನರದ್ದು. ವೊಡೆನ್‌ಗಿಂತ ಈ ಸಂಗತಿಯೇ ಹೆಚ್ಚು ಚರ್ಚೆಗೆ ಬರಬೇಕಿತ್ತು.

ಆಲ್ಫ್ರೆಡ್‌ನಿಂದ ಮುಂದೆ ನೆಲ ಗಟ್ಟಿಯಾಗುತ್ತದೆ, ಅವನ ಉಯಿಲೇ ಉಳಿದಿದೆ. ತನ್ನ ಅಜ್ಜ ಭೂಮಿಯನ್ನು ನೂಲುವ ಕದಿರಿನ (ಅಂದರೆ ಹೆಣ್ಣಿನ) ಕಡೆಗಲ್ಲ, ಭರ್ಜಿಯ (ಗಂಡಿನ) ಕಡೆಗೆ ಕೊಟ್ಟಿದ್ದ ಎಂದು ಆಲ್ಫ್ರೆಡ್ ಅದರಲ್ಲಿ ನೆನೆಯುತ್ತಾನೆ. ಹೆಣ್ಣುಮಕ್ಕಳಿಗೆ ತಾನು ಕೊಟ್ಟ ಭೂಮಿ ಬೇಕಿದ್ದರೆ ಗಂಡು ದಾಯಾದಿಗಳು ಬೆಲೆ ತೆತ್ತು ಪಡೆಯಲಿ ಎನ್ನುತ್ತಾನೆ. ಅಣ್ಣನ ಮಗ ಎಥೆಲ್‌ವೊಲ್ಡ್‌ಗೆ ಸಿಕ್ಕಿದ್ದು ಗೊಡಾಲ್ಮಿಂಗ್, ಗಿಲ್ಡ್‌ಫರ್ಡ್, ಸ್ಟೆನಿಂಗ್ ಎಂಬ ಮೂರೇ ಜಮೀನು. 899ರಲ್ಲಿ ಚಿಕ್ಕಪ್ಪ ಸತ್ತೊಡನೆ ಅವನು ದಂಗೆಯೆದ್ದ, ಕೊನೆಗೆ ಯುದ್ಧದಲ್ಲಿ ಸತ್ತ. ದೊರೆಯ ಮಗನಾಗಿದ್ದರೂ ಎಷ್ಟೋ ವಂಶವೃಕ್ಷಗಳಲ್ಲಿ ಅವನೊಂದು ಮುರಿದ ಕೊಂಬೆ ಮಾತ್ರ.

ಇಷ್ಟಾದರೂ ವಂಶ ದೂರ ಹರಿದದ್ದು ಕದಿರಿನ ಕಡೆಯಿಂದಲೇ. ಆಲ್ಫ್ರೆಡ್‌ನ ಮಗಳು ಎಲ್ಫ್‌ಥ್ರಿತ್ ಫ್ಲಾಂಡರ್ಸ್‌ನ ಎರಡನೆಯ ಬಾಲ್ಡ್‌ವಿನ್‌ನನ್ನು ಮದುವೆಯಾದಳು. 1066ರಲ್ಲಿ ಇಂಗ್ಲೆಂಡ್ ಗೆದ್ದ ವಿಲಿಯಂನ ಹೆಂಡತಿ ಮಟಿಲ್ಡಾ ಅವಳ ವಂಶದವಳು. ಆಲ್ಫ್ರೆಡ್‌ನ ಮೊಮ್ಮಗಳು ಎಡ್‌ಗಿತ್ ಜರ್ಮನಿಯ ಒಟ್ಟೋನ ರಾಣಿಯಾದಳು. ಇಲ್ಲಿ ಹೆಸರುಗಳೇ ದಾರಿ ತಪ್ಪಿಸುತ್ತವೆ. ಎಡ್ಗರ್ ದೊರೆಯ ಹೆಂಡತಿಯೂ ಎಲ್ಫ್‌ಥ್ರಿತ್. ಅವನ ಮಗ ಎಥೆಲ್‌ರೆಡ್ ದೊರೆಯ ಮೊದಲ ಹೆಂಡತಿ ಎಲ್ಫ್‌ಗಿಫು, 1016ರಲ್ಲಿ ಇಂಗ್ಲೆಂಡ್ ಗೆದ್ದ ಡೇನ್ ದೊರೆ ಕ್ನೂಟ್‌ನ ಮೊದಲ ಸಂಗಾತಿ ಎಲ್ಫ್‌ಗಿಫು. 1002ರಲ್ಲಿ ನಾರ್ಮಂಡಿಯಿಂದ ಮದುವೆಯಾಗಿ ಬಂದ ಎಮ್ಮಾಗೂ ಇಟ್ಟ ಇಂಗ್ಲಿಷ್ ಹೆಸರು ಅದೇ. ಹಾಗಾಗಿ ಹೆಸರಿನ ಜೊತೆ ಗಂಡನ ಹೆಸರು, ಇಸವಿ, ದಾನಪತ್ರದ ಸಾಕ್ಷಿಗಳ ಸಾಲಿನಲ್ಲಿ ಅವಳ ಸ್ಥಾನ ಹೊಂದಿಸದೆ ಇಬ್ಬರನ್ನು ಒಬ್ಬಳೆಂದು ಬರೆಯಬಾರದು. ಹತ್ತನೆಯ ಶತಮಾನದ ಕೊನೆಯಲ್ಲೇ ಈ ನಂಟುಗಳು ಮಸುಕಾಗಿದ್ದವು. ಆಲ್ಫ್ರೆಡ್‌ನ ಅಣ್ಣನ ವಂಶದ ಎಥೆಲ್‌ವರ್ಡ್, ಎಡ್‌ಗಿತ್‌ಳ ಮೊಮ್ಮಗಳಾದ ಎಸ್ಸೆನ್ ಮಠದ ಮಟಿಲ್ಡಾಗೆ ಬರೆದು, ಆಲ್ಪ್ಸ್ ಬಳಿಯ ಅರಸನೊಬ್ಬನಿಗೆ ಕೊಟ್ಟ ನಿಮ್ಮ ಅಜ್ಜಿಯ ತಂಗಿಯ ಸುದ್ದಿ ನಮಗೆ ಗೊತ್ತಿಲ್ಲ, ನೀವೇ ತಿಳಿಸಿ ಎಂದು ಕೇಳಿಕೊಂಡಿದ್ದ.

ಈಚೆಗೆ ವಿಜ್ಞಾನವೂ ಜೊತೆಗೂಡಿದೆ. 2008ರಲ್ಲಿ ಮಾಗ್ಡೆಬರ್ಗ್ ಕೆಥೆಡ್ರಲ್‌ನ ಗೋರಿಯಲ್ಲಿ ಸೀಸದ ಪೆಟ್ಟಿಗೆಯೊಂದು ಸಿಕ್ಕಿತು. ಒಳಗಿರುವುದು ಎಡ್‌ಗಿತ್‌ಳ ಅವಶೇಷ ಎಂದು ಅದರ ಮೇಲೆ ಬರೆದಿತ್ತು. ಹಲ್ಲಿನ ಎನಾಮಲ್‌ನಲ್ಲಿದ್ದ ಸ್ಟ್ರಾನ್ಷಿಯಂ, ಆಮ್ಲಜನಕಗಳ ಐಸೊಟೋಪುಗಳು (ಒಂದೇ ಮೂಲವಸ್ತುವಿನ ಬೇರೆಬೇರೆ ತೂಕದ ಪರಮಾಣುಗಳು) ವೆಸೆಕ್ಸ್‌ನ ಸುಣ್ಣನೆಲಕ್ಕೆ ತಾಳೆಯಾದವು. ಆದರೆ ಐಸೊಟೋಪು ಹೇಳುವುದು ಬಾಲ್ಯ ಕಳೆದ ನೆಲವನ್ನು. ಅಪ್ಪ ಯಾರೆಂದು ಅದು ಹೇಳದು. ಹೆಸರು ಖಚಿತವಾದದ್ದು ಬರಹ, ಜಾಗ, ಹಲ್ಲು ಮೂರೂ ಕೂಡಿದ್ದರಿಂದ. ಹಳೆಯ ಅರಸರ ಮೂಳೆಗಳಿವೆ ಎನ್ನಲಾಗುವ ವಿಂಚೆಸ್ಟರ್ ಕೆಥೆಡ್ರಲ್‌ನ ಆರು ಪೆಟ್ಟಿಗೆಗಳಿಗೆ ಆ ಭಾಗ್ಯವಿಲ್ಲ. 1642ರಲ್ಲಿ ಸೈನಿಕರು ಮೂಳೆಗಳನ್ನು ಚೆಲ್ಲಾಡಿದ್ದರು, ಆಮೇಲೆ ಸಿಕ್ಕಸಿಕ್ಕಂತೆ ತುಂಬಿಡಲಾಯಿತು. ಬಿಡಿಸಿ ನೋಡಿದಾಗ ಕನಿಷ್ಠ 23 ಜನರ 1,300ಕ್ಕೂ ಹೆಚ್ಚು ತುಣುಕುಗಳು ಸಿಕ್ಕವು.

ಇಂದಿನ ರಾಜಮನೆತನದತ್ತ ಬರುವ ಮುಖ್ಯ ಕೊಂಡಿಯೂ ಹೆಣ್ಣಿನದೇ. ಕ್ನೂಟ್‌ನೆದುರಿನ 1016ರ ಸೋಲಿನ ನಂತರ ಹಂಗೆರಿ ಸೇರಿದ್ದ, ಎಥೆಲ್‌ರೆಡ್‌ನ ಮೊಮ್ಮಗ ಎಡ್ವರ್ಡ್, 1057ರಲ್ಲಿ ಮರಳಿ ಬಂದವನೇ ತೀರಿಕೊಂಡ. ಅವನ ಮಗಳು ಮಾರ್ಗರೆಟ್ ಸ್ಕಾಟ್ಲೆಂಡ್‌ನ ರಾಣಿಯಾದಳು, ಅವಳ ಮಗಳು 1100ರಲ್ಲಿ ಒಂದನೆಯ ಹೆನ್ರಿಯ ಕೈ ಹಿಡಿದಳು, ಆಕೆಯ ಮೊಮ್ಮಗ ಎರಡನೆಯ ಹೆನ್ರಿ. ಈ ಸರಣಿ ಗಟ್ಟಿ. ಆದರೆ ಮಾರ್ಗರೆಟ್‌ಳ ತಾಯಿ ಅಗಾತಾ ಯಾರ ಮಗಳು? ಜರ್ಮನ್ ಚಕ್ರವರ್ತಿಯ ಬಂಧು, ಹಂಗೆರಿಯ ರಾಜಪುತ್ರಿ, ಕೀವ್‌ನ ಯಾರೊಸ್ಲಾವ್‌ನ ಮಗಳು ಎಂಬ ಮೂರೂ ವಾದಗಳಿವೆ, ಮೂರಕ್ಕೂ ಹಳೆಯ ಬರಹಗಳ ಆಸರೆಯಿದೆ, ಆ ಬರಹಗಳೇ ಒಂದಕ್ಕೊಂದು ಹೊಂದುವುದಿಲ್ಲ. ಇವುಗಳಲ್ಲಿ ಒಂದನ್ನು ಆರಿಸಿ ತುಂಬುವುದಕ್ಕಿಂತ ಅಗಾತಾಳ ತಂದೆಯ ಜಾಗವನ್ನು ಖಾಲಿ ಬಿಡುವುದೇ ಸರಿ.