ಚಡ್ಡಿ ಹಾಕಿಕೊಳ್ಳಲು ಕಲಿಸುವುದು ಯಾರ ಕೆಲಸ?

ಬೌದ್ಧಿಕ ಅಸಾಮರ್ಥ್ಯವಿರುವ ಮಗುವಿಗೆ ವಾರಕ್ಕೆರಡು ಸಲ, ಮುಕ್ಕಾಲು ಗಂಟೆಯಂತೆ ಥೆರಪಿ ಕೊಡಿಸುತ್ತೀರಿ ಎನ್ನಿ. ಒಟ್ಟು ಒಂದೂವರೆ ಗಂಟೆ. ಮಗು ಎಚ್ಚರವಿರುವ ಉಳಿದ ಸುಮಾರು 90 ಗಂಟೆಯಲ್ಲಿ ಬಹುಪಾಲು ಮನೆಯವರ ಕೈಯಲ್ಲಿರುತ್ತದೆ. ಥೆರಪಿಯಲ್ಲಿ ತಾನೇ ಚಡ್ಡಿ ಏರಿಸಿಕೊಂಡ ಮಗುವಿಗೆ ಮನೆಯಲ್ಲಿ ಅಜ್ಜಿ, "ಪಾಪ, ಅದಕ್ಕೇನು ತಿಳಿಯುತ್ತೆ" ಎಂದು ತೊಡಿಸಿಬಿಟ್ಟರೆ ಕಲಿತದ್ದು ನಿಲ್ಲುವುದಿಲ್ಲ.

ಮನೆಮಂದಿಯೆಲ್ಲ ಒಂದೇ ಕ್ರಮ ಹಿಡಿಯಲಿ. ಚಡ್ಡಿ ಹಿಡಿಯುವುದು, ಒಂದು ಕಾಲು, ಇನ್ನೊಂದು ಕಾಲು, ಮಂಡಿಯವರೆಗೆ, ತೊಡೆಯವರೆಗೆ, ಸೊಂಟಕ್ಕೆ: ಆರು ಹಂತ. ಮೊದಲ ಐದನ್ನು ನೀವು ಮಾಡಿ, ಕೊನೆಯದನ್ನು ಮಗುವಿಗೆ ಬಿಡಿ. ಕೆಲಸ ಮುಗಿಸಿದ ಖುಷಿ ಪ್ರತಿಸಲವೂ ಅದಕ್ಕೇ ಸಿಗುತ್ತದೆ. ಅದು ಪಳಗಿದ ಮೇಲೆ ಕೊನೆಯ ಎರಡು ಹಂತ, ಆಮೇಲೆ ಮೂರು. ಸಡಿಲ ಎಲಾಸ್ಟಿಕ್ಕಿನ, ಒಂದು ಅಳತೆ ದೊಡ್ಡ ಚಡ್ಡಿಯಿಂದ ಶುರುಮಾಡಿ. ನೆರವಿಗೆ ಕೈಹಾಕುವ ಮುನ್ನ ಮನಸ್ಸಿನಲ್ಲೇ ಐದರವರೆಗೆ ಎಣಿಸಿ. "ಎಳಿ, ಎಳಿ" ಎಂಬ ಒಗ್ಗರಣೆ ಬೇಡ. ಮಾತಿಗೆ ಕಾಯುವ ಅಭ್ಯಾಸ ಬಿಡಿಸುವುದು ಕಷ್ಟ.

ಹಟದ ವಿಷಯದಲ್ಲಂತೂ ಒಗ್ಗಟ್ಟು ಇನ್ನೂ ಮುಖ್ಯ. ನಾಲ್ವರು ಇಲ್ಲವೆಂದ ಮೊಬೈಲನ್ನು ಐದನೆಯವರು ಕೊಟ್ಟರೆ, ಸಾಕಷ್ಟು ಹೊತ್ತು ಅತ್ತರೆ ಸಿಗುತ್ತದೆ ಎಂದು ಮಗು ಕಲಿಯುತ್ತದೆ. ಎಲ್ಲರೂ ಗಟ್ಟಿಯಾಗಿ ನಿಂತಾಗ ಮೊದಮೊದಲು ಅಳು ಹೆಚ್ಚುತ್ತದೆ. ಬಹಳ ಮನೆಗಳು ಸೋಲುವುದು ಅಲ್ಲೇ. ಆದರೆ ತಲೆ ಚಚ್ಚಿಕೊಳ್ಳುವ ಮಗುವನ್ನು ಸುಮ್ಮನೆ ಬಿಡಬೇಡಿ. ತಡೆದು ಕಾಪಾಡಿ, ತಜ್ಞರಿಗೆ ತಿಳಿಸಿ. ಇದ್ದಕ್ಕಿದ್ದಂತೆ ರಂಪ ಶುರುವಾದರೆ ಹಲ್ಲುನೋವು, ಕಿವಿನೋವು, ಮಲಬದ್ಧತೆ ಇದೆಯೇ ಎಂದು ಮೊದಲು ನೋಡಿಸಿ. ಮಾತು ಬಾರದ ಮಗು ನೋವನ್ನು ಹೀಗೂ ಹೇಳುತ್ತದೆ.

ಅಪ್ಪ "ಸಹಾಯ ಮಾಡುತ್ತೇನೆ" ಎಂದರೆ ಸಾಲದು. ರಾತ್ರಿಯೂಟವೋ ಸ್ನಾನವೋ, ಒಂದು ಕೆಲಸ ಪೂರ್ತಿ ಅವರದಾಗಲಿ. ಅಮ್ಮನಿಗೆ ನಿದ್ದೆಗೆಟ್ಟು ವಾರಗಟ್ಟಲೆ ಬೇಸರ ಕವಿದಿದ್ದರೆ ಅದಕ್ಕೂ ಚಿಕಿತ್ಸೆ ಬೇಕು.

ಇನ್ನೊಂದು ಮಗುವಿದ್ದರೆ ದಿನಕ್ಕೆ ಹತ್ತು ನಿಮಿಷ ಅದಕ್ಕೇ ಮೀಸಲಿಡಿ. "ನಮ್ಮ ನಂತರ ಇವನನ್ನು ನೀನೇ ನೋಡ್ಕೋಬೇಕು" ಎಂದು ಎಂಟು ವರ್ಷದ ತಂಗಿಯ ತಲೆಗೆ ಕಟ್ಟುವುದು ಅನ್ಯಾಯ. ಅಸಾಮರ್ಥ್ಯವಿರುವ ಮಗುವಿಗೆ 18 ತುಂಬಿದ ಮೇಲೆ ಅದರ ಪೋಷಕತ್ವ ನಿರ್ಧರಿಸಲು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲೆಯಲ್ಲಿ 'ಸ್ಥಳೀಯ ಮಟ್ಟದ ಸಮಿತಿ'ಯಿದೆ. ಜಿಲ್ಲಾಧಿಕಾರಿ ಕಚೇರಿಯಲ್ಲಿ ವಿಚಾರಿಸಿ.