ಬೀಟಾ ಕೋಶದ ವಿದ್ಯುತ್ತು: ಬಿಡಿ ಕೋಶದಿಂದ ಅಂಗಾಂಶದ ಹೋಳಿನವರೆಗೆ

ಉಡುಪಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ‘ಶುಗರ್’ ಇರುವವರು ಊಟಕ್ಕೆ ಮೊದಲು ನುಂಗುವ ಗ್ಲಿಮೆಪಿರೈಡ್ ಮಾತ್ರೆ ಮೇದೋಜೀರಕ ಗ್ರಂಥಿಯ ಬೀಟಾ ಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ವಾಹಿನಿಯನ್ನು, ಅಂದರೆ ಪೊಟ್ಯಾಸಿಯಂ ಹಾಯುವ ದ್ವಾರವನ್ನು, ಮುಚ್ಚುತ್ತದೆ. ಆಗ ಪೊರೆಯ ವೋಲ್ಟೇಜ್ ಏರಿ, ಕ್ಯಾಲ್ಸಿಯಂ ಒಳಬಂದು, ಇನ್ಸುಲಿನ್ ಹೊರಬೀಳುತ್ತದೆ. ಆರೋಗ್ಯವಂತರಲ್ಲಿ ಊಟದ ಗ್ಲೂಕೋಸ್ ಮಾಡುವುದೂ ಇದನ್ನೇ. ಇಲ್ಲಿಯ ವೈದ್ಯಕೀಯ ವಿದ್ಯಾರ್ಥಿಗಳು ಮೊದಲ ವರ್ಷದಲ್ಲೇ ಕಲಿಯುವ ಈ ಪಾಠವನ್ನು ಪುಸ್ತಕಗಳು ಸಾಮಾನ್ಯವಾಗಿ ಒಂದೇ ಒಂದು ಕೋಶದ ಚಿತ್ರ ಬರೆದು ವಿವರಿಸುತ್ತವೆ. ಗೊಂದಲ ಶುರುವಾಗುವುದು ಅಲ್ಲಿಂದಲೇ.

ಸಂಶೋಧಕರಾದ ಡೀನ್ ಮತ್ತು ಮ್ಯಾಥ್ಯೂಸ್ 1968ರಲ್ಲಿ ಇಲಿಯ ಬೀಟಾ ಕೋಶಗಳಲ್ಲಿ ವಿದ್ಯುತ್ ಮಿಡಿತವನ್ನು ದಾಖಲಿಸಿದರು. 1976ರಲ್ಲಿ ನೇಹರ್ ಮತ್ತು ಸಾಕ್‌ಮನ್, ಗಾಜಿನ ಪಿಪೆಟ್‌ನ ತುದಿಯನ್ನು ಪೊರೆಗೆ ಒತ್ತಿ ಅಳೆಯುವ ಪ್ಯಾಚ್ ಕ್ಲ್ಯಾಂಪ್ ವಿಧಾನದಿಂದ ಒಂದೊಂದೇ ವಾಹಿನಿಯ ಪ್ರವಾಹವನ್ನು ಅಳೆದು, 1991ರಲ್ಲಿ ನೊಬೆಲ್ ಪಡೆದರು. ಬೀಟಾ ಕೋಶದಲ್ಲಿ ಗ್ಲೂಕೋಸ್‌ನಿಂದ ಮುಚ್ಚಿಕೊಳ್ಳುವ ವಾಹಿನಿ 1984ರಲ್ಲಿ ಸಿಕ್ಕಿತು. ಬೀಟಾ ಕೋಶದ ಪ್ಯಾಚ್ ಕ್ಲ್ಯಾಂಪ್ ಅಳತೆಗಳಲ್ಲಿ ಬಹುಪಾಲು ನಡೆದದ್ದು ಕೊಲಾಜಿನೇಸ್ ಕಿಣ್ವದಿಂದ ಗ್ರಂಥಿಯನ್ನು ಕರಗಿಸಿ ಬೇರ್ಪಡಿಸಿದ ಕಿರುದ್ವೀಪಗಳಲ್ಲಿ (ಬೀಟಾ ಕೋಶಗಳಿರುವ ಪುಟ್ಟ ಗುಂಪುಗಳಲ್ಲಿ) ಮತ್ತು ಬಿಡಿ ಕೋಶಗಳಲ್ಲಿ. ಕಿಣ್ವವು ಕೋಶಗಳ ನಡುವಿನ ಅಂಟನ್ನೂ ಸುತ್ತಲಿನ ಅಂಗಾಂಶವನ್ನೂ ಕಳಚಿಹಾಕುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಆದರೂ ಬಿಡಿ ಕೋಶದ ವರ್ತನೆಯನ್ನು ಗ್ರಂಥಿಯ ವರ್ತನೆಯೆಂದೇ ಓದುವುದು ಬಹಳ ಕಾಲ ಮುಂದುವರಿಯಿತು.

ಕೋಶಗಳನ್ನು ಬಿಡಿಸದೆ ಅಂಗಾಂಶದ ತೆಳು ಹೋಳಿನಲ್ಲೇ ಅಳೆಯುವುದು ಇದಕ್ಕೆ ಪರಿಹಾರ. ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಯ ಹೋಳುಗಳಲ್ಲಿ 1990ರ ದಶಕದಲ್ಲೇ ಇಂಥ ದಾಖಲೆ ಸಾಧ್ಯವಾಗಿತ್ತು. ಮೇದೋಜೀರಕದ ತೊಡಕು ಬೇರೆ: ಅದು ತೀರಾ ಮೆತ್ತಗಿನ ಅಂಗ, ಬ್ಲೇಡ್ ತಾಗಿದರೆ ಜಜ್ಜಿಹೋಗುತ್ತದೆ, ಕತ್ತರಿಸಿದಾಗ ಅದರ ಜೀರ್ಣರಸವೂ ಸೋರುತ್ತದೆ. ಜರ್ಮನಿಯ ಗಾಟಿಂಗೆನ್‌ನಲ್ಲಿ ಸ್ಪೈಯರ್ ಮತ್ತು ರುಪ್ನಿಕ್ 2003ರಲ್ಲಿ ಇದಕ್ಕೊಂದು ದಾರಿ ತೋರಿಸಿದರು. ಕಡಿಮೆ ಉಷ್ಣಾಂಶದಲ್ಲಿ ಹೆಪ್ಪುಗಟ್ಟುವ ಅಗರೋಸ್ ದ್ರಾವಣವನ್ನು ಉಗುರುಬೆಚ್ಚಗಿರುವಾಗಲೇ ಇಲಿಯ ಪಿತ್ತನಾಳದ ಮೂಲಕ ಗ್ರಂಥಿಯೊಳಕ್ಕೆ ತುಂಬಿ, ತಣ್ಣಗೆ ಮಾಡಿ ಗಟ್ಟಿಯಾದ ಮೇಲೆ, ಕಂಪಿಸುವ ಬ್ಲೇಡಿನಿಂದ ಸುಮಾರು 140 ಮೈಕ್ರಾನ್ ದಪ್ಪದ ಹೋಳುಗಳನ್ನು ತೆಗೆಯಲಾಗುತ್ತದೆ. ಆಮ್ಲಜನಕ ಹಾಯಿಸಿದ ಲವಣದ್ರಾವಣದಲ್ಲಿ ಹೋಳು ಬದುಕಿರುತ್ತದೆ. ಅದರ ಮೇಲ್ಮೈಯ ಒಂದು ಕೋಶಕ್ಕೆ ಗಾಜಿನ ಪಿಪೆಟ್‌ನ ತುದಿಯನ್ನು ತಾಗಿಸಿ ಮೆಲ್ಲನೆ ಹೀರಿದರೆ ಪೊರೆ ಗಾಜಿಗೆ ಕಚ್ಚಿಕೊಂಡು, ನಡುವಿನ ರೋಧ ಗಿಗಾ ಓಮ್‌ಗೆ ಏರುತ್ತದೆ. ಆ ಕ್ಷಣದ ಮೇಲೆಯೇ ಮುಂದಿನ ಎಲ್ಲ ಅಳತೆ ನಿಂತಿದೆ.

ಹೋಳಿನಲ್ಲಿ ಕಂಡದ್ದು ಒಂಟಿ ಕೋಶದ ಚಿತ್ರಕ್ಕೆ ಒಗ್ಗಲಿಲ್ಲ. ಬೀಟಾ ಕೋಶಗಳನ್ನು ಒಂದಕ್ಕೊಂದು ಬೆಸೆಯುವ ಕನೆಕ್ಸಿನ್ 36 ಎಂಬ ಪ್ರೋಟೀನ್ ಇಲ್ಲದ ಇಲಿಗಳಲ್ಲಿ ಕೆಲವು ಕೋಶಗಳು ಗ್ಲೂಕೋಸ್ ಕಡಿಮೆಯಿರುವಾಗಲೇ ಮಿಡಿಯುತ್ತವೆ. ಅಂದರೆ ಬೆಸುಗೆ ಇರುವಾಗ ನೆರೆಯ ಕೋಶಗಳು ಅವನ್ನು ತಡೆದು ಹಿಡಿದಿರುತ್ತವೆ ಎಂದಾಯಿತು. ಆದರೆ ಇದೇ ಬೆಸುಗೆಯಿಂದಾಗಿ ಪಿಪೆಟ್‌ನಲ್ಲಿ ನೆರೆಕೋಶಗಳ ಪ್ರವಾಹವೂ ಬೆರೆತು ಬರುವುದರಿಂದ, ಹೋಳಿನ ಅಳತೆಯನ್ನು ಓದುವುದು ಇನ್ನಷ್ಟು ಕಷ್ಟ. ಇಲಿಯ ಕಿರುದ್ವೀಪದಲ್ಲಿ ಬೀಟಾ ಕೋಶಗಳು ನಡುವೆ ಗುಂಪಾಗಿದ್ದರೆ ಮನುಷ್ಯನಲ್ಲಿ ಅವು ಗ್ಲುಕಗಾನ್ ಹಾರ್ಮೋನ್ ಸ್ರವಿಸುವ ಆಲ್ಫಾ ಕೋಶಗಳೊಡನೆ ಕಲಸಿಕೊಂಡಿರುವ ಕಾರಣ, ದಾನಿಗಳಿಂದ ಮತ್ತು ಶಸ್ತ್ರಚಿಕಿತ್ಸೆಗಳಿಂದ ದೊರೆಯುವ ಮಾನವ ಹೋಳುಗಳಲ್ಲಿ ಈ ಲೆಕ್ಕವನ್ನು ಮತ್ತೆ ಮೊದಲಿನಿಂದ ಮಾಡಬೇಕಾಗಿದೆ.