ಮೀನುದೋಣಿ ಹಿಡಿಯಬಾರದು ಎಂದವರು ಯಾರು?

1898ರ ಏಪ್ರಿಲ್. ಮೀನು ಹಿಡಿದು, ಆಗ ಸ್ಪೇನಿನ ವಸಾಹತಾಗಿದ್ದ ಕ್ಯೂಬಾದ ಹವಾನಾಕ್ಕೆ ಮರಳುತ್ತಿದ್ದ ‘ಪಾಕೆತೆ ಹಬಾನಾ’ ಎಂಬ ಪುಟ್ಟ ಹಾಯಿದೋಣಿಯನ್ನು ಅಮೆರಿಕದ ನೌಕಾಪಡೆ ಅಡ್ಡಗಟ್ಟಿತು. ಒಳಗಿದ್ದದ್ದು ಮೂವರು ಆಳುಗಳು, ಒಂದಷ್ಟು ಜೀವಂತ ಮೀನು. ಅಮೆರಿಕಕ್ಕೂ ಸ್ಪೇನಿಗೂ ಯುದ್ಧ ಹತ್ತಿಕೊಂಡಿದೆ ಎಂಬುದೇ ಅವರಿಗೆ ಗೊತ್ತಿರಲಿಲ್ಲ. ಶತ್ರುವಿನ ಸೊತ್ತೆಂದು ದೋಣಿಯನ್ನು ಅಮೆರಿಕದ ಕೀ ವೆಸ್ಟ್ ಬಂದರಿಗೆ ಎಳೆದೊಯ್ದು 490 ಡಾಲರಿಗೆ ಹರಾಜು ಹಾಕಿದರು.

ಮಾಲೀಕ ಬಿಡಲಿಲ್ಲ. 1900ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಹರಾಜಿನ ಹಣ ಹಿಂದಿರುಗಿಸಿ ಎಂದಿತು. ಯಾವ ಕಾನೂನಿನ ಪ್ರಕಾರ? ಮೀನುದೋಣಿ ಮುಟ್ಟಬಾರದೆಂದು ಅಮೆರಿಕದ ಸಂಸತ್ತು ಬರೆದಿರಲಿಲ್ಲ, ಸ್ಪೇನಿನೊಡನೆ ಅಂಥ ಒಪ್ಪಂದವೂ ಇರಲಿಲ್ಲ. ನ್ಯಾಯಮೂರ್ತಿ ಹೊರೇಸ್ ಗ್ರೇ ಹಳೆಯ ದಾಖಲೆ ಕೆದಕುತ್ತ, ಇಂಗ್ಲೆಂಡಿನ ನಾಲ್ಕನೇ ಹೆನ್ರಿ 1403ರಲ್ಲಿ ಹೊರಡಿಸಿದ ಆಜ್ಞೆಯವರೆಗೆ ಹೋದರು. ಯುದ್ಧದಲ್ಲೂ ಬಡ ಮೀನುಗಾರರನ್ನು ಅವರ ಪಾಡಿಗೆ ಬಿಡುವುದು ಶತಮಾನಗಳ ರೂಢಿ. ಆ ರೂಢಿಯೇ ಮಾಗಿ ಕಾನೂನಾಗಿದೆ ಎಂದರು.

ಅಂತರರಾಷ್ಟ್ರೀಯ ಕಾನೂನು ಬೆಳೆದದ್ದು ಬಹುಪಾಲು ಹೀಗೆ, ಯಾರೂ ಕೂತು ಬರೆಯದೆ. ಅದರ ಇನ್ನೊಂದು ಬೇರು ಒಪ್ಪಂದ. ಕ್ರಿ.ಪೂ. 1259ರ ಸುಮಾರಿಗೆ ಈಜಿಪ್ಟಿನ ಎರಡನೇ ರಾಮ್ಸೆಸ್ ಮತ್ತು ಹಿಟ್ಟೈಟ್ ದೊರೆ ಮೂರನೇ ಹತ್ತುಸಿಲಿ ಮಾಡಿಕೊಂಡ ಸಂಧಿಯ ಮಣ್ಣಿನ ಫಲಕಗಳು ಹಿಟ್ಟೈಟರ ನಾಡಾಗಿದ್ದ ಇಂದಿನ ಟರ್ಕಿಯಲ್ಲಿ ಸಿಕ್ಕಿವೆ. ಈಜಿಪ್ಟಿನ ಪ್ರತಿಯನ್ನು ಕಾರ್ನಾಕ್ ದೇಗುಲದ ಗೋಡೆಯಲ್ಲಿ ಕೆತ್ತಿದ್ದಾರೆ. ಓಡಿಬಂದವರನ್ನು ಹಿಂದಕ್ಕೊಪ್ಪಿಸಬೇಕು, ಆದರೆ ಅವರ ಮನೆ ಹಾಳುಮಾಡಬಾರದು, ಹೆಂಡಿರು ಮಕ್ಕಳಿಗೆ ಕೈ ಹಾಕಬಾರದು, ಕಣ್ಣು, ಕಿವಿ, ಬಾಯಿ, ಕಾಲಿಗೆ ಏನೂ ಮಾಡಬಾರದು. ಸಾಕ್ಷಿಗೆ ಎರಡೂ ಕಡೆಯ ಸಾವಿರ ಸಾವಿರ ದೇವತೆಗಳು. ಮೊದಲು ಸಂಧಿ ಬೇಡಿದ್ದು ಎದುರಿನವನೇ ಎಂದು ಎರಡು ಪ್ರತಿಗಳೂ ಹೇಳಿಕೊಳ್ಳುತ್ತವೆ. ಮೂರು ಸಾವಿರ ವರ್ಷವಾದರೂ ಆ ಚಾಳಿ ಹೋಗಿಲ್ಲ.

ಈ ಶಾಸ್ತ್ರದ ಪಿತಾಮಹ ಎನಿಸಿಕೊಂಡ ಡಚ್ ವಕೀಲ ಹ್ಯೂಗೋ ಗ್ರೋಶಿಯಸ್ ಕೆಲಸ ಶುರುಮಾಡಿದ್ದು ಒಂದು ಕೊಳ್ಳೆಯ ಪರ ವಾದಿಸಲು. 1603ರಲ್ಲಿ ಡಚ್ಚರು ಸಿಂಗಾಪುರದ ಬಳಿ ‘ಸಾಂತಾ ಕತರೀನಾ’ ಎಂಬ ಪೋರ್ಚುಗೀಸ್ ಹಡಗನ್ನು ದೋಚಿದ್ದರು. ಅದನ್ನು ಸಮರ್ಥಿಸಲು ಬರೆದದ್ದರ ಒಂದು ಅಧ್ಯಾಯವೇ 1609ರಲ್ಲಿ ಪುಸ್ತಕವಾಗಿ ಬಂತು: ಸಮುದ್ರ ಯಾರಪ್ಪನ ಸೊತ್ತೂ ಅಲ್ಲ ಎಂಬುದು ಅದರ ಸಾರ. ಪಠ್ಯಪುಸ್ತಕಗಳು ಯುರೋಪಿನ ಮೂವತ್ತು ವರ್ಷಗಳ ಯುದ್ಧ ಮುಗಿಸಿದ 1648ರ ವೆಸ್ಟ್‌ಫೇಲಿಯಾ ಸಂಧಿಯನ್ನು ಈ ಕಾನೂನಿನ ಹುಟ್ಟು ಎನ್ನುತ್ತವೆ. ನನಗದು ಅತಿ ಎನಿಸುತ್ತದೆ. ‘ಅಂತರರಾಷ್ಟ್ರೀಯ’ ಎಂಬ ಪದವನ್ನು ಇಂಗ್ಲಿಷ್ ಚಿಂತಕ ಜೆರೆಮಿ ಬೆಂಥಾಮ್ ಟಂಕಿಸಿದ್ದೇ 1780ರ ದಶಕದಲ್ಲಿ.

ಹತ್ತೊಂಬತ್ತನೇ ಶತಮಾನದಲ್ಲಿ ಇದು ‘ನಾಗರಿಕ ರಾಷ್ಟ್ರಗಳ’ ಕೂಟದ ಕಾನೂನಾಯಿತು. ಯಾರು ನಾಗರಿಕರೆಂದು ತೀರ್ಮಾನಿಸುತ್ತಿದ್ದವರು ಯುರೋಪಿನವರು, ವಸಾಹತುಗಳ ಜನ ಬಾಗಿಲಾಚೆ. ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ಶಾಸನದ 38ನೇ ವಿಧಿಯಲ್ಲಿ ಆ ಪದ ಇವತ್ತಿಗೂ ಉಳಿದಿದೆ.

ಅದೇ ನ್ಯಾಯಾಲಯ 1986ರಲ್ಲಿ, ಮಧ್ಯ ಅಮೆರಿಕದ ಪುಟ್ಟ ದೇಶ ನಿಕರಾಗುವಾದ ಬಂದರುಗಳಲ್ಲಿ ಸ್ಫೋಟಕ ಹುದುಗಿಸಿದ್ದಕ್ಕಾಗಿ ಪರಿಹಾರ ಕೊಡಿ ಎಂದು ಅಮೆರಿಕಕ್ಕೆ ಹೇಳಿತು. ಅಮೆರಿಕ ಕೊಡಲಿಲ್ಲ, ಭದ್ರತಾ ಮಂಡಳಿಯಲ್ಲಿ ವೀಟೋ ಹಾಕಿತು. ಆದರೆ ಇಂಥ ಕಾನೂನೇ ಇಲ್ಲ ಎನ್ನಲಿಲ್ಲ. ಈ ಕೋರ್ಟಿಗೆ ಅಧಿಕಾರವಿಲ್ಲ ಎಂದಿತು, ನೆರೆಯ ದೇಶಗಳ ರಕ್ಷಣೆಗಾಗಿ ಮಾಡಿದೆವು ಎಂದಿತು. ಎರಡೂ ಅದೇ ಕಾನೂನಿನಿಂದ ಎರವಲು ಪಡೆದ ವಾದಗಳು.